ಉದಾಸೀನಕ್ಕೆ ಮಾತ್ರೆ ಉಂಟಾ

ಹೊಸ ಬಲೆಗೆ ಒಂದು ವಾಸನೆ ಇದೆ. ಬೇಲ್‌ ಮೂಟೆಯ ಹೊಲಿಗೆ ಕತ್ತರಿಸಿದ ಕೂಡಲೇ ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಹೊಸ ರೇನ್‌ಕೋಟು ಬೆರೆತಂತೆ ಬರುತ್ತದೆ. ಮಂಗಳೂರಿನ ಬಂದರಿನಲ್ಲಿ ಮೀನುಗಾರರ ಬಲೆ, ಹಗ್ಗ, ಬೆಂಡು, ಸೀಸದ ಗುಂಡು ಮಾರುವ ಅಂಗಡಿ ನನ್ನದು. ಈ ವರ್ಷ ಜೂನ್ ಸುರುವಿಗೆ ಮೊದಲ ಬೇಲ್ ಬಿಚ್ಚಿದಾಗ ಆ ವಾಸನೆ ಮೂಗಿಗೆ ಹೊಡೆದು ಎರಡು ಸಲ ಸೀನಿದೆ. ಪಕ್ಕದಲ್ಲಿ ಹಗ್ಗ ಅಳೆಯುತ್ತಿದ್ದ ಹಮೀದ್, ಇಪ್ಪತ್ತು ವರ್ಷಗಳಿಂದ ನನ್ನ ಜೊತೆ ಅಂಗಡಿಯಲ್ಲಿರುವವನು, ತಲೆ ಎತ್ತದೆಯೇ ಸೀಸನ್ ಶುರುವಾಯಿತು ಅಂದ. ನನಗೆ ಮೂರು ವರ್ಷದ ಹಿಂದಿನ ಮಳೆಗಾಲ ನೆನಪಾಯಿತು. ಆ ವರ್ಷ ಇದೇ ಬೇಲ್‌ಗಳ ನಡುವೆ ಕೂತು ನಾನು ಒಂದು ಸಲವೂ ಸೀನಿರಲಿಲ್ಲ. ಮೂಗು ಸರಿಯಾಗಿಯೇ ಇತ್ತು. ಬಂದ ವಾಸನೆ ಒಳಗೆ ಎಲ್ಲಿಗೂ ಮುಟ್ಟುತ್ತಿರಲಿಲ್ಲ.

ನಮ್ಮ ವ್ಯಾಪಾರ ಉಳಿದವರದಕ್ಕಿಂತ ತಲೆಕೆಳಗು. ಮಳೆಗಾಲದ ಎರಡು ತಿಂಗಳು ಟ್ರಾಲ್ ಬೋಟುಗಳಿಗೆ ಕಡಲಿಗೆ ಇಳಿಯಲು ನಿಷೇಧ. ಬೋಟುಗಳೆಲ್ಲ ಬಂದರಿನ ಕಟ್ಟೆಯಾದ ದಕ್ಕೆಯಲ್ಲಿ ಒಂದಕ್ಕೊಂದು ಹೆಗಲು ತಾಗಿಸಿ ನಿಂತುಬಿಡುತ್ತವೆ. ಮೀನಿನ ವ್ಯಾಪಾರಿಗಳು ಕೈಕಟ್ಟಿ ಕೂರುವ ಆ ಹೊತ್ತಿಗೇ ನಮಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಹರಿದ ಬಲೆ ಹೆಣೆಯುವವರು, ಹೊಸ ಬಲೆ ಕಟ್ಟಿಸುವವರು, ಹಗ್ಗ ಬದಲಿಸುವವರು ಎಲ್ಲರೂ ಆಗಸ್ಟಿನ ಒಳಗೆ ಮುಗಿಸಬೇಕು. ಜುಲೈಯಲ್ಲಿ ಅಂಗಡಿ ಬಾಗಿಲು ಹಾಕಿದರೆ ವರ್ಷವಿಡೀ ಹಾಕಿದ ಹಾಗೆ.

ಅಂಗಡಿ ಕಟ್ಟಿದವರು ನನ್ನ ಸೋದರಮಾವ ದೂಮಪ್ಪ ಮಾವ. ಅವರಿಗೆ ಸ್ವಂತ ಮಗ ಇದ್ದಾನೆ, ಸುಧಾಕರ. ಆದರೂ ಅಂಗಡಿಯ ಬೀಗದ ಕೈ ಸೋದರಳಿಯನಾದ ನನ್ನ ಕೈಗೆ ಬಂತು. ಅದಕ್ಕೆ ಒಂದೇ ಕಾರಣ, ಸುಧಾಕರನಿಗೆ ಉದಾಸೀನ. ಘಟ್ಟದ ಮೇಲಿನವರು ಇದನ್ನು ಓದುತ್ತಿದ್ದರೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಉದಾಸೀನ ಅಂದರೆ ಸೋಮಾರಿತನ. ಏಳಲು ಉದಾಸೀನ, ಸ್ನಾನಕ್ಕೆ ಉದಾಸೀನ, ಎದುರಿನ ಅಂಗಡಿಯಿಂದ ಬೆಂಕಿಪೊಟ್ಟಣ ತರಲು ಉದಾಸೀನ. ತುಳುವಿನಲ್ಲಿ ಉದಾಸಿನ ಅನ್ನುತ್ತೇವೆ, ಕನ್ನಡ ಮಾತಾಡುವಾಗ ಸ್ವಲ್ಪ ಉದ್ದ ಎಳೆಯುತ್ತೇವೆ, ಅರ್ಥ ಬದಲಾಗುವುದಿಲ್ಲ. ಅದು ಜ್ವರದ ಹಾಗೆ ಬಂದು ಹೋಗುವಂಥದ್ದಲ್ಲ, ಮನುಷ್ಯನ ಗುಣ ಎಂದು ಲೆಕ್ಕ. ಸುಧಾಕರನಿಗಂತೂ ಅದು ಹೆಸರಿನ ಹಿಂದೆ ಅಂಟಿಕೊಂಡು, ಮದುವೆ ಮನೆಗಳಲ್ಲಿ ಯಾವ ಸುಧಾಕರ ಎಂದು ಯಾರಾದರೂ ಕೇಳಿದರೆ ಉದಾಸಿನದ ಸುಧಾಕರ ಎಂದೇ ಗುರುತು ಹೇಳುತ್ತಿದ್ದರು. ಅವನಿಗೆ ಅದರಿಂದ ಬೇಸರವೂ ಇರಲಿಲ್ಲ. ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಳು, ಇವನು ಹೊಳೆಬದಿಯಲ್ಲಿ ಗಾಳ ಹಾಕಿ ಕೂರುತ್ತಿದ್ದ. ಮೀನು ಸಿಕ್ಕಿದರೆ ಎಳೆಯುವುದಕ್ಕೂ ಇವನಿಗೆ ಉದಾಸೀನ ಎಂದು ಮಾವ ಎಲ್ಲರೆದುರು ಹೇಳಿ ನಗುತ್ತಿದ್ದರು. ನನ್ನ ಬಗ್ಗೆ ಹೇಳುವಾಗ ಮಾತ್ರ ಅವರ ದನಿ ಏರುತ್ತಿತ್ತು. ಸತೀಶನಿಗೆ ಉದಾಸೀನ ಅಂದರೆ ಎಂತದೂಂತ ಗೊತ್ತಿಲ್ಲ ಅನ್ನುತ್ತಿದ್ದರು. ನನ್ನ ಬದುಕಿನ ಅರ್ಹತೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು ಎಂದು ಆಗ ನನಗೇ ತಿಳಿದಿರಲಿಲ್ಲ.

ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಯಾರೂ ಸತ್ತಿರಲಿಲ್ಲ, ವ್ಯಾಪಾರ ಕೆಟ್ಟಿರಲಿಲ್ಲ. ಬೇಸಗೆಯಲ್ಲಿ ಮಗಳು ದೀಕ್ಷಾಳ ಪಿಯುಸಿ ರಿಸಲ್ಟ್ ಬಂತು. ಅವಳು ಬಯಸಿದ್ದಕ್ಕಿಂತ ಹೆಚ್ಚು ಬಂದಿತ್ತು. ಮೊಬೈಲ್ ಹಿಡಿದು ಓಡಿಬಂದು ನನ್ನ ಮುಖದ ಮುಂದೆ ಹಿಡಿದಳು. ನಾನು ಅಂಕಗಳನ್ನು ಓದಿದೆ, ಒಳ್ಳೆಯದಾಯಿತು ಅಂದೆ, ಟೀಪಾಯಿಯ ಮೇಲಿದ್ದ ಪೇಪರನ್ನು ಮಡಿಸಿ ಇಟ್ಟೆ. ಅವಳು ಸ್ವಲ್ಪ ಹೊತ್ತು ನಿಂತು ಅಡುಗೆಮನೆಗೆ ಹೋದಳು. ಅಲ್ಲಿ ತಾಯಿ ಮಗಳು ಕೂಗಾಡಿ ನಗುವುದು ಕೇಳಿಸುತ್ತಿತ್ತು. ನನಗೆ ಖುಷಿ ಆಗಬೇಕಿತ್ತು ಎಂದು ಗೊತ್ತಿತ್ತು, ಕಾದು ಕೂತೆ, ಅದು ಬರಲಿಲ್ಲ.

ಮೇ ಕಳೆಯುವಷ್ಟರಲ್ಲಿ ಊಟ ಸೇರುತ್ತಿರಲಿಲ್ಲ. ನಿದ್ದೆ ಬೆಳಗಾಗುವ ಎಷ್ಟೋ ಮೊದಲೇ ಬಿಟ್ಟುಹೋಗುತ್ತಿತ್ತು, ಆದರೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಶೇವಿಂಗ್ ಬ್ರಷ್ ಕೈಯಲ್ಲಿ ಹಿಡಿದರೆ ಮುಂದಿನ ಕೆಲಸ ಯಾವುದೆಂದು ಯೋಚಿಸಬೇಕಾಗುತ್ತಿತ್ತು. ನಮ್ಮ ಮನೆ ಕೊಟ್ಟಾರದಲ್ಲಿ. ಜೂನಿನ ಒಂದು ಬೆಳಿಗ್ಗೆ ಮಳೆಯಲ್ಲಿ ಸ್ಕೂಟರ್ ತೆಗೆದುಕೊಂಡು ಹೊರಟವನು ಜಂಕ್ಷನ್ನಿನ ಹತ್ತಿರ ಬದಿಗೆ ನಿಲ್ಲಿಸಿದೆ. ಬಸ್ಸುಗಳು ಕೆಸರುನೀರು ಹಾರಿಸಿ ಹೋಗುತ್ತಿದ್ದವು. ಎಡಕ್ಕೆ ತಿರುಗಿ ಬಂದರಿಗೆ ಹೋಗುವುದೂ ಒಂದೇ, ಹಿಂದೆ ತಿರುಗಿ ಮನೆಗೆ ಹೋಗುವುದೂ ಒಂದೇ, ಅಲ್ಲೇ ನಿಲ್ಲುವುದೂ ಒಂದೇ ಅನ್ನಿಸಿತು. ರೇನ್‌ಕೋಟಿನ ಕುತ್ತಿಗೆಯಿಂದ ನೀರು ಒಳಗೆ ಇಳಿದು ಬನಿಯನ್ ಒದ್ದೆಯಾದ ಮೇಲೆ ಮನೆಗೆ ವಾಪಸ್ಸಾದೆ. ಹಮೀದನಿಗೆ ಫೋನು ಮಾಡಿ ಹಲ್ಲುನೋವು ಅಂದೆ.

ಆಮೇಲೆ ಅದೇ ರೂಢಿಯಾಯಿತು. ವಾರದಲ್ಲಿ ಎರಡು ಮೂರು ದಿನ ಅಂಗಡಿಗೆ ಹೋಗುತ್ತಿರಲಿಲ್ಲ, ಹೋದರೂ ಹಗ್ಗದ ಸುರುಳಿಗಳ ಹಿಂದೆ ಕುರ್ಚಿ ಹಾಕಿ ಕೂರುತ್ತಿದ್ದೆ. ಮಾವ ದಿನಾ ಬೆಳಿಗ್ಗೆ ಫೋನು ಮಾಡಿ ಅಂಗಡಿ ತೆಗೆದೆಯಾ ಎಂದು ಕೇಳುವುದು ಹಳೆಯ ಕ್ರಮ. ನಾನು ತೆಗೆದಿಲ್ಲ ಅನ್ನತೊಡಗಿದ ಮೇಲೆ ಮೊದಲು ಅವರಿಗೆ ಆಶ್ಚರ್ಯ, ಆಮೇಲೆ ಸಿಟ್ಟು. ಕೊನೆಗೆ ಆ ಶಬ್ದ ಅವರ ಬಾಯಿಂದ ಬಂದೇಬಿಟ್ಟಿತು. ನಿನಗೂ ಉದಾಸೀನ ಶುರುವಾಯ್ತಾ, ಈ ವಯಸ್ಸಿಗೆ, ಅಂದರು. ನನಗೂ ಅದು ಹಾಗೆಯೇ ಕಾಣುತ್ತಿತ್ತು. ಜ್ವರ ಇಲ್ಲ, ಗಾಯ ಇಲ್ಲ, ಮಲಗಿಯೇ ಇರುವವನಿಗೆ ಬೇರೆ ಎಂತ ಹೇಳುವುದು.

ಹೆಂಡತಿ ಶಶಿಕಲಾ ಮಾತ್ರ ಬೇರೆಯೇ ಅರ್ಥ ಮಾಡಿಕೊಂಡಿದ್ದಳು. ಒಂದು ಮಧ್ಯಾಹ್ನ ನನ್ನ ಎದುರು ಕೂತು, "ನನ್ನ ಮೇಲೆ ಬೇಜಾರಾ?" ಎಂದು ಕೇಳಿದಳು. ಏಪ್ರಿಲಿನಿಂದ ಅದನ್ನೇ ಯೋಚಿಸುತ್ತಿದ್ದಳಂತೆ. ತಾನು ಆಡಿದ್ದು, ಆಡದ್ದು ಎಲ್ಲವನ್ನೂ ಹಿಂದಕ್ಕೆ ಹುಡುಕಿ ನೋಡಿದ್ದಳು. ನಮ್ಮಲ್ಲಿ ಬೇಜಾರಿಗೆ ಒಬ್ಬ ಮನುಷ್ಯ ಬೇಕು. ಯಾರೋ ಏನೋ ಅಂದರೆ ಬೇಜಾರು, ಮದುವೆಗೆ ಕರೆಯದಿದ್ದರೆ ಬೇಜಾರು. ಯಾರೂ ಏನೂ ಅನ್ನದೆ ಬೇಜಾರು ಬರುವುದಿಲ್ಲ. ನಿನ್ನ ಮೇಲೆ ಇಲ್ಲ, ಯಾರ ಮೇಲೂ ಇಲ್ಲ ಅಂದೆ. ಅವಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಬಂದ ಮೇಲೆ ಎದ್ದು, ಹಾಗಾದರೆ ನಾಳೆ ಡಾಕ್ಟರ ಹತ್ತಿರ ಹೋಗುವ ಅಂದಳು.

ನಮ್ಮ ಮಾಮೂಲಿ ಡಾಕ್ಟರು ರಕ್ತ, ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿದರು. ಎಲ್ಲ ಸರಿ ಇತ್ತು. ಯಾವುದಾದರೂ ಒಂದು ಕೆಟ್ಟಿದ್ದರೆ ಒಳ್ಳೆಯದಿತ್ತು ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು. ಅವರು ಅತ್ತಾವರದ ಒಬ್ಬ ಮನೋವೈದ್ಯರ ಹೆಸರು ಬರೆದುಕೊಟ್ಟರು. ಆ ಕ್ಲಿನಿಕ್ಕಿನ ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದದ್ದು ನನ್ನ ಪುಣ್ಯ. ಹಲ್ಲುನೋವಿನ ಸುಳ್ಳಿಗೆ ಒಂದು ವಿಳಾಸ ಸಿಕ್ಕಿದ ಹಾಗಾಯಿತು. ಮೆಟ್ಟಿಲಲ್ಲಿ ಸಿಕ್ಕ ಒಬ್ಬ ಬೋಟಿನ ಧಣಿಗೆ ರೂಟ್ ಕೆನಾಲ್ ಅಂದೆ. ಅವರು ಬಂದರಿನಲ್ಲಿ ಹೇಳಿ, ಆ ಮಳೆಗಾಲವಿಡೀ ಗಿರಾಕಿಗಳು ನನ್ನ ಹಲ್ಲನ್ನು ವಿಚಾರಿಸಿಕೊಳ್ಳುತ್ತಿದ್ದರು. ಎಷ್ಟು ಹಲ್ಲು ಉಂಟು ಮಾರಾಯ ನಿಂಗೆ ಎಂದು ಒಬ್ಬ ಕೇಳಿಯೇಬಿಟ್ಟ.

ಡಾಕ್ಟರು ಹೆಂಗಸು, ನನಗಿಂತ ಸುಮಾರು ಚಿಕ್ಕವರು. ಗದಗ ಕಡೆಯವರು, ಮಂಗಳೂರಿಗೆ ಬಂದು ವರ್ಷ ತುಂಬಿರಲಿಲ್ಲ. ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದು, ಅವರದು ಮನೆಯದು. ಇಬ್ಬರೂ ನಿಧಾನವಾಗಿ ಮಾತಾಡಿದೆವು. ಬೇಜಾರು ಅನ್ನಿಸುತ್ತದೆಯೇ ಎಂದು ಕೇಳಿದರು. ನಾನು ಬೇಜಾರ್ ಎಂತ ಇಲ್ಲ, ಮನೆಯಲ್ಲಿ ಎಲ್ಲ ಚೆನ್ನಾಗಿಯೇ ಇದ್ದಾರೆ ಅಂದೆ. ಹಾಗಾದರೆ ಏನು ತೊಂದರೆ ಎಂದರು. ಹೇಳಲು ನನಗೆ ನಾಚಿಕೆಯಾಯಿತು. ಆದರೂ ಹೇಳಿದೆ.

"ಉದಾಸೀನ ಮೇಡಂ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಯಾರ ಬಗ್ಗೆ ರೀ?"

ಇದೆಂಥ ಪ್ರಶ್ನೆ ಎಂದು ನನಗೆ ಅರ್ಥವಾಗಲಿಲ್ಲ. ಸೋಮಾರಿತನ ಯಾರ ಬಗ್ಗೆಯಾದರೂ ಇರುತ್ತದೆಯೇ. ಅದು ಒಟ್ಟಾರೆ ಇರುವಂಥದ್ದು. ಆದರೆ ಡಾಕ್ಟರು ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ ಎಂದು ಯೋಚಿಸಿದೆ. ಅಂಗಡಿ, ಗಿರಾಕಿ, ಊಟ, ಸ್ನಾನ, ಪೇಪರು ಎಲ್ಲವನ್ನೂ ಒಂದೊಂದಾಗಿ ಮನಸ್ಸಿಗೆ ತಂದುಕೊಂಡೆ. ಎಲ್ಲದರ ಬಗ್ಗೆ ಅಂದೆ.

"ಮನೀ ಮಂದಿ ಬಗ್ಗೇನೂ?"

ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ಮಗಳದ್ದು ರಿಸಲ್ಟ್ ಬಂತು ಮೇಡಂ. ನನಗೆ ಎಂತದೂ ಆಗ್ಲಿಲ್ಲ." ಅಷ್ಟು ಹೇಳಿ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಶಶಿಗೂ ಅದು ಹೊಸ ಸುದ್ದಿ. ಅವಳು ನನ್ನ ಮೊಣಕೈ ಹಿಡಿದುಕೊಂಡು ಕೂತಳು. ನಾನು ಅತ್ತದ್ದಕ್ಕಿಂತ ಹೆಚ್ಚಾಗಿ, ಕರವಸ್ತ್ರ ಮರೆತು ಬಂದದ್ದು ನನ್ನನ್ನು ಕಾಡುತ್ತಿತ್ತು.

ಡಾಕ್ಟರು ಮತ್ತೂ ಹಲವು ಪ್ರಶ್ನೆ ಕೇಳಿದರು. ನಿದ್ದೆ, ಹಸಿವು ವಿಚಾರಿಸಿ, ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನು ಕೂಡ ಅದೇ ದನಿಯಲ್ಲಿ ಕೇಳಿದರು. ನಾನು ಇಲ್ಲ ಅಂದೆ. ಕೊನೆಗೆ ಇದು ಖಿನ್ನತೆ ಎಂಬ ಕಾಯಿಲೆ, ಮಾತ್ರೆ ಶುರುಮಾಡುವುದು ಒಳ್ಳೆಯದು ಎಂದು ಹೇಳಿ, ಬೆಳಿಗ್ಗೆ ತಿಂಡಿಯ ಮೇಲೆ ಒಂದು ಎಂದು ಬರೆದುಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ, ಅವರು ಯಾರ ಬಗ್ಗೆ ಎಂದು ಯಾಕೆ ಕೇಳಿದ್ದು ಎಂದು ಶಶಿಯನ್ನು ಕೇಳಿದೆ. ಅವಳು ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಪುಸ್ತಕದಲ್ಲಿ ಉದಾಸೀನ ಅಂದರೆ ಸೋಮಾರಿತನ ಅಲ್ಲ, ಒಂದರ ಬಗ್ಗೆ ಗಮನ ಇಲ್ಲದಿರುವುದು, ಅದು ಇದ್ದರೂ ಇಲ್ಲದಿದ್ದರೂ ಒಂದೇ ಅನ್ನಿಸುವುದು ಎಂದು ವಿವರಿಸಿದಳು. ಮಕ್ಕಳಿಗೆ ಹೇಳಿಕೊಟ್ಟು ಹೇಳಿಕೊಟ್ಟು ಅವಳಿಗೆ ಅದು ಬಾಯಿಪಾಠ. ನಾನು ಅಲ್ಲೇ ಅದನ್ನು ಹಿಡಿದುಕೊಂಡೆ. ಹಾಗಾದರೆ ಡಾಕ್ಟರಿಗೆ ತಪ್ಪಿತು. ನಾನು ಹೇಳಿದ್ದು ನಮ್ಮ ಊರಿನ ಉದಾಸೀನ, ಅವರು ಮದ್ದು ಬರೆದದ್ದು ಅವರ ಊರಿನ ಉದಾಸೀನಕ್ಕೆ. ಬೇರೆಯವನ ಕಾಯಿಲೆಯ ಮಾತ್ರೆ ನಾನು ಯಾಕೆ ತಿನ್ನಬೇಕು. ಯಾವುದರಲ್ಲೂ ಮನಸ್ಸಿಲ್ಲದವನಿಗೆ ಈ ವಾದದಲ್ಲಿ ಮಾತ್ರ ಎಲ್ಲಿಂದ ಅಷ್ಟು ಉತ್ಸಾಹ ಬಂತೋ ಗೊತ್ತಿಲ್ಲ. ಮಾತ್ರೆಯ ಲಕೋಟೆ ಫ್ರಿಜ್ಜಿನ ಮೇಲೆ ಟಾರ್ಚಿನ ಪಕ್ಕ ಉಳಿಯಿತು.

ಅದು ನೆಪ ಎಂದು ಶಶಿಗೆ ಗೊತ್ತಿತ್ತು. ನನಗೂ ಒಳಗೊಳಗೆ ಗೊತ್ತಿತ್ತು. ನಿಜವಾದ ಹೆದರಿಕೆಗಳು ಬೇರೆ ಇದ್ದವು. ಒಮ್ಮೆ ಶುರುಮಾಡಿದರೆ ಸಾಯುವವರೆಗೆ ಬಿಡಲಾಗುವುದಿಲ್ಲ ಎಂದು ಕೇಳಿದ್ದೆ. ಮಗಳಿಗೆ ನಾಳೆ ಸಂಬಂಧ ನೋಡುವಾಗ ಹುಡುಗಿಯ ತಂದೆ ತಲೆಯ ಮಾತ್ರೆ ತೆಗೆದುಕೊಳ್ಳುತ್ತಾನಂತೆ ಎಂದರೆ ಏನು ಗತಿ. ತುಳುವಿನಲ್ಲಿ ಹುಚ್ಚಿಗೆ ಮರ್ಲ್ ಅನ್ನುತ್ತೇವೆ. ಎರಡೇ ಅಕ್ಷರ, ಅಂಟಿದರೆ ಮೂರು ತಲೆಮಾರು ಬಿಡುವುದಿಲ್ಲ. ಇವೆಲ್ಲಕ್ಕಿಂತ ಕೆಳಗೆ ಇನ್ನೊಂದಿತ್ತು. ಮಾತ್ರೆ ತಿಂದೂ ಏನೂ ಆಗದಿದ್ದರೆ, ಇದು ಕಾಯಿಲೆ ಅಲ್ಲ, ನಾನೇ ಹೀಗೆ ಎಂದು ಖಾತ್ರಿಯಾಗಿಬಿಡುತ್ತದೆ. ಲಕೋಟೆ ಬಿಚ್ಚದಿರುವವರೆಗೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ ಎಂದು ನನ್ನ ಲೆಕ್ಕ.

ಮಾವನಿಗೆ ಶಶಿಯೇ ಹೇಳಿದಳು. ಅವರು ದಿನಾ ಬೈಯುವುದನ್ನು ನಿಲ್ಲಿಸಲಿ ಎಂದು ಹೇಳಿದ್ದು. ಫಲ ಉಲ್ಟಾ ಆಯಿತು. ಮಧ್ಯಾಹ್ನವೇ ರಿಕ್ಷಾದಲ್ಲಿ ಬಂದು ಕೊಡೆಯನ್ನು ಮೂಲೆಗೆ ಆನಿಸಿ ಕೂತರು. ಎಪ್ಪತ್ತೈದು ದಾಟಿದರೂ ಮಾವನ ಬೆನ್ನು ಬಾಗಿರಲಿಲ್ಲ.

"ಉದಾಸೀನಕ್ಕೆ ಮಾತ್ರೆ ಉಂಟಾ?" ಎಂದು ಕೇಳಿದರು. "ಇದ್ದಿದ್ರೆ ಸುಧಾಕರನಿಗೆ ನಾನು ಡಬ್ಬಿಗಟ್ಟಲೆ ತಿನ್ನಿಸ್ತಿರ್ಲಿಲ್ವಾ?"

ನನಗೆ ನಗು ಬರಬೇಕಿತ್ತು. ಮಾವ ನನಗೆ ಅಂಗಿ ಹಾಕಿಸಿ, ಅದೇ ರಿಕ್ಷಾದಲ್ಲಿ ಅಂಗಡಿಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಕೆಲಸ ಮಾಡಿದರೆ ತನ್ನಿಂದ ತಾನೇ ಹೋಗುತ್ತದೆ ಎಂಬುದು ಅವರ ಮದ್ದು. ಕೆಲವು ದಿನ ಅದನ್ನೇ ನಡೆಸಿದರು. ನಾನೂ ಪ್ರಯತ್ನ ಮಾಡಿದೆ. ನಲವತ್ತು ಮಿಲಿಮೀಟರ್ ಕಣ್ಣಿನ ಬಲೆ ಕೇಳಿದವನಿಗೆ ಮೂವತ್ತರದ್ದು ಕತ್ತರಿಸಿಕೊಟ್ಟೆ. ಕತ್ತರಿಸಿದ ಬಲೆ ಯಾರಿಗೂ ಬೇಡ, ಹಮೀದ್ ಅದನ್ನು ಸುಮ್ಮನೆ ಮಡಿಸಿ ಅಟ್ಟಕ್ಕೆ ಹಾಕಿದ. ಮಾವ ನೋಡಿಯೂ ಏನೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಜುಲೈ ಅರ್ಧಕ್ಕೆ ಬರುವಾಗ ಸಾಯುವ ಯೋಚನೆಯ ಬಗ್ಗೆ ಡಾಕ್ಟರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಬದಲಾಗಿತ್ತು. ಸಾಯಬೇಕೆಂದು ಅನ್ನಿಸುತ್ತಿರಲಿಲ್ಲ. ಮಲಗಿದವನು ಏಳದಿದ್ದರೆ ಎಲ್ಲರಿಗೂ ಸುಲಭ ಎಂದು ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ತಿಂಗಳ ಒಂದು ಭಾನುವಾರ ಮಾವ ಸುಧಾಕರನನ್ನೂ ಕರೆದುಕೊಂಡು ಊಟಕ್ಕೆ ಬಂದರು. ನಿಷೇಧದ ದಿನಗಳಲ್ಲಿ ಒಳ್ಳೆಯ ಮೀನು ಸಿಗುವುದು ಅಪರೂಪ. ಶಶಿ ಹೇಗೋ ಹೊಳೆಮೀನು ಸಂಪಾದಿಸಿ ಹುಳಿಖಾರದ ಪುಳಿಮುಂಚಿ ಮಾಡಿದ್ದಳು. ಸುಧಾಕರ ಕುಚ್ಚಲಕ್ಕಿ ಅನ್ನವನ್ನು ಮೂರು ಸಲ ಹಾಕಿಸಿಕೊಂಡ. ಬೆರಳು ನೆಕ್ಕಿದ. ಖಾರಕ್ಕೆ ಮೂಗಲ್ಲಿ ನೀರಿಳಿಸಿಕೊಂಡು ಶಶಿಯನ್ನು ಹೊಗಳಿದ. ಕೈ ತೊಳೆದವನೇ ಹಾಲಿನಲ್ಲಿ ಚಾಪೆ ಹಾಸಿ ಬಿದ್ದುಕೊಂಡ. ನಾನೂ ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಅವನ ಪಕ್ಕದಲ್ಲೇ ಮಲಗಿದೆ, ಕೂರಲು ಆಗುತ್ತಿರಲಿಲ್ಲ. ಹೊರಗೆ ಮಳೆ ಹಿಡಿದಿತ್ತು. ಸುಧಾಕರ ಕ್ಷಣದಲ್ಲಿ ಗೊರಕೆ ಶುರುಮಾಡಿದ. ಮಾವ ಎದುರಿನ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ನಾನು ಫ್ಯಾನ್ ನೋಡುತ್ತಿದ್ದೆ. ಮಾವ ನಮ್ಮಿಬ್ಬರನ್ನು ನೋಡುತ್ತಿದ್ದಾರೆ ಎಂದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು. ಸುಧಾಕರ ನಿದ್ದೆಯಲ್ಲೇ ಹೊಟ್ಟೆ ಕೆರೆದುಕೊಂಡು, ಬಾಯಿ ಚಪ್ಪರಿಸಿ, ಮಗ್ಗುಲಾದ. ನಾನು ಅಲುಗಾಡಿರಲಿಲ್ಲ, ಕಣ್ಣು ಮುಚ್ಚಿಯೂ ಇರಲಿಲ್ಲ. ಮಾವ ಎಲೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ, ಮಗನಿಗೆ ಎಚ್ಚರವಾಗಬಾರದು ಎಂಬಷ್ಟು ಮೆಲ್ಲಗೆ, ತುಳುವಿನಲ್ಲಿ ಹೇಳಿದರು.

"ಉಂದು ಉದಾಸಿನ ಅತ್ತ್ ಮಾರಾಯ."

ಇದು ಉದಾಸೀನ ಅಲ್ಲ. ನಾನು ಅವರ ಕಡೆಗೆ ತಿರುಗಿದೆ. ಅವರು ಮಗನ ಕಡೆಗೆ ಗಲ್ಲ ತೋರಿಸಿದರು. "ಉದಾಸೀನ ಅಂದ್ರೆ ಇದು. ನಲವತ್ತು ವರ್ಷದಿಂದ ನೋಡ್ತಾ ಇದ್ದೇನೆ. ಇವನಿಗೆ ಮಲಗಿದ್ರೆ ಸುಖ ಉಂಟು. ನಿನಗೆ ಅದೂ ಇಲ್ಲ."

ಹೌದು ಮಾವ, ಇಲ್ಲ ಅಂದೆ. ಇದು ಎಂತದೂಂತ ನನಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳಿದ್ದನ್ನು ಕೇಳುವುದು ಒಳ್ಳೆಯದು ಎಂದು ಮಾವ ಅಂದರು, ಅಂದು ಬಾಯಿಯಲ್ಲಿದ್ದದ್ದನ್ನು ಉಗಿಯಲು ಎದ್ದು ಹೋದರು. ಮಾವ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಎದೆಯಲ್ಲಿ ಏನೋ ಸಡಿಲವಾಯಿತು. ಖುಷಿ ಅಲ್ಲ, ಅದಿನ್ನೂ ದೂರವಿತ್ತು. ಇಷ್ಟು ದಿನ ನನ್ನನ್ನು ನಾನೇ ಬೈಯುತ್ತಿದ್ದ ಹೆಸರು ನನ್ನದಲ್ಲ ಎಂದು ಆಯಿತಲ್ಲ, ಅದರ ಹಗುರ.

ಮರುದಿನ ಪುನಃ ಅತ್ತಾವರಕ್ಕೆ ಹೋದೆವು. ಮಾತ್ರೆ ಮುಟ್ಟಿಲ್ಲ ಎಂದು ಮೊದಲೇ ಒಪ್ಪಿಕೊಂಡೆ. ಕಾರಣವನ್ನೂ ಹೇಳಿದೆ. ನಮ್ಮ ಉದಾಸೀನ ಬೇರೆ, ನಿಮ್ಮದು ಬೇರೆ ಮೇಡಂ ಅಂದೆ. ಅವರು ಪೂರ್ತಿ ಕೇಳಿಕೊಂಡು ಹಣೆಗೆ ಕೈ ಹಚ್ಚಿಕೊಂಡರು. ಬಂದಾಗಿನಿಂದ ಎಷ್ಟೋ ಮಂದಿ ತಮ್ಮ ಮಕ್ಕಳಿಗೆ ಉದಾಸೀನ ಎಂದು ಕರೆದುಕೊಂಡು ಬಂದಿದ್ದರಂತೆ. ಅಷ್ಟು ಸಣ್ಣ ಹುಡುಗರಿಗೆ ಬದುಕಿನ ಮೇಲೆ ಇಂಥ ವೈರಾಗ್ಯ ಯಾಕೆ ಎಂದು ಇವರು ಚಿಂತೆ ಮಾಡಿದ್ದರಂತೆ. ನಾವು ಮೂವರೂ ನಕ್ಕೆವು. ನಾನೂ ನಕ್ಕೆ, ಸದ್ದು ಬಂದ ಮೇಲೆ ಅದು ನನ್ನದೇ ಎಂದು ತಿಳಿಯಿತು.

ಆಮೇಲೆ ಗಂಭೀರವಾಗಿ ಹೇಳಿದರು. "ಆ ಒಂದು ಶಬ್ದ ಕೇಳಿ ನಾ ಮಾತ್ರಿ ಬರದಿಲ್ರೀ. ಊಟ ಬಿಟ್ಟೀರಿ, ನಿದ್ದಿ ಬಿಟ್ಟೀರಿ, ಮಗಳು ಪಾಸಾದಾಗ ಖುಷಿ ಆಗಲಿಲ್ಲಂತ ಅತ್ತೀರಿ. ಸೋಮಾರಿ ಮನಷ್ಯಾ ಅದಕ್ಕ ಅಳೂದಿಲ್ಲ."

ನಾನು ನನ್ನ ಹೆದರಿಕೆಗಳನ್ನು ಒಂದೊಂದಾಗಿ ಹೇಳಿದೆ. ಮಲಗಿದವನು ಏಳದಿದ್ದರೆ ಎಂಬುದನ್ನೂ ಹೇಳಿದೆ. ಶಶಿ ನನ್ನ ಮೊಣಕೈಯನ್ನು ಈ ಸಲ ನೋಯುವಷ್ಟು ಗಟ್ಟಿ ಹಿಡಿದಳು. ಡಾಕ್ಟರು ಯಾವುದನ್ನೂ ತೇಲಿಸಲಿಲ್ಲ. ಸಾಯುವವರೆಗೆ ಎಂದೇನಿಲ್ಲ, ಸರಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಿ ಆಮೇಲೆ ನಿಧಾನ ಇಳಿಸುವುದು, ಆದರೆ ನಿಮಗೆ ನೀವೇ ಫಕ್ಕನೆ ನಿಲ್ಲಿಸಬಾರದು ಅಂದರು. ಮೊದಲು ಹೊಟ್ಟೆ ತೊಳಸಬಹುದು. ಗುಣ ಕಾಣಲು ವಾರಗಳು ಬೇಕು. ಈ ಮಾತ್ರೆ ಹಿಡಿಸದಿದ್ದರೆ ಬೇರೆಯದಿದೆ, ಹಿಡಿಸಲಿಲ್ಲ ಅಂದರೆ ಅದು ಮಾತ್ರೆಯ ಸೋಲು, ನಿಮ್ಮದಲ್ಲ ಅಂದರು. ಆ ಕೊನೆಯ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ. ಮಗಳ ಸಂಬಂಧದ ವಿಷಯಕ್ಕೆ ಮಾತ್ರ ತಮ್ಮ ಹತ್ತಿರ ಉತ್ತರ ಇಲ್ಲ, ಮಗಳನ್ನೇ ಕೇಳಿ ಎಂದರು. ತೀರ್ಮಾನ ನಿಮ್ಮದು, ಕೇಳಿದರೆ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ, ವಾರಕ್ಕೊಮ್ಮೆ ಬಂದು ಮಾತಾಡಿಕೊಂಡೂ ಹೋಗಿ ಎಂದು ಮುಗಿಸಿದರು.

ಸಂಜೆ ದೀಕ್ಷಾಳಿಗೆ ಎಲ್ಲ ಹೇಳಿದೆವು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪ, ಅವತ್ತು ನನ್ನ ಮಾರ್ಕ್ಸ್ ಕಮ್ಮಿ ಆಯ್ತೂಂತ ಅಲ್ವಾ ಹಾಗಾದ್ರೆ?" ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅಲ್ಲ ಮಗಾ ಅಂದೆ. ನನ್ನ ತೀರ್ಮಾನ ಅಲ್ಲಿಗೆ ಮುಗಿಯಿತು. ಎಂದೋ ಬರಬಹುದಾದ ಗಂಡಿನ ಮನೆಯವರಿಗಾಗಿ, ಎದುರೇ ಕೂತಿದ್ದ ಮಗಳನ್ನು ಕಾಯಿಸುತ್ತಿದ್ದೆ ಎಂದು ನಾಚಿಕೆಯಾಯಿತು. ಬೆಳಿಗ್ಗೆ ದೋಸೆ ತಿಂದು, ಫ್ರಿಜ್ಜಿನ ಮೇಲಿನ ಲಕೋಟೆ ಬಿಚ್ಚಿ, ಒಂದು ಮಾತ್ರೆ ನುಂಗಿದೆ. ಶಶಿ ಬೆನ್ನು ತಿರುಗಿಸಿ ದೋಸೆ ಹೊಯ್ಯುತ್ತಿದ್ದಳು. ಆ ದೋಸೆ ಸೀದುಹೋಯಿತು.

ಇದರ ಮುಂದಿನದು ಹೇಳುವಂಥ ಕಥೆಯೇನಲ್ಲ. ಹೊಟ್ಟೆ ತೊಳಸಿತು, ಬಾಯಿ ಒಣಗಿತು, ಎರಡು ವಾರ ಏನೂ ಆಗಲಿಲ್ಲ. ಮಾವನ ಬೆಳಗಿನ ಫೋನು ಮಾತ್ರ ಬದಲಾಯಿತು. ಅಂಗಡಿ ತೆಗೆದೆಯಾ ಎನ್ನುತ್ತಿದ್ದವರು ಈಗ ತೆಗೆದುಕೊಂಡೆಯಾ ಎಂದಷ್ಟೇ ಕೇಳಿ ಇಡುತ್ತಿದ್ದರು. ಜುಲೈ ಕೊನೆಯ ರಶ್ಶನ್ನು ಹಮೀದನೇ ಸುಧಾರಿಸಿದ. ನಿಷೇಧ ಮುಗಿದು ಬೋಟುಗಳು ಪೂಜೆ ಮಾಡಿಸಿಕೊಂಡು ಅಳಿವೆಯ ಕಡೆಗೆ ಹೊರಟಾಗ ನಾನು ದಕ್ಕೆಗೆ ಹೋಗಿ ನಿಂತೆ. ಆಗಲೂ ವಿಶೇಷ ಏನೂ ಅನ್ನಿಸಲಿಲ್ಲ. ಆದರೆ ಹೋಗಿ ನಿಂತಿದ್ದೆ. ಆಗಸ್ಟಿನ ನಡುವೆ ಯಾವಾಗಲೋ ಬೆಳಗಿನವರೆಗೆ ನಿದ್ದೆ ಬಂತು. ಆಮೇಲೊಂದು ದಿನ ಸಾರಿಗೆ ಉಪ್ಪು ಕಮ್ಮಿ ಎಂದು ನನಗೇ ಗೊತ್ತಾಯಿತು. ದೀಕ್ಷಾ ಕಾಲೇಜಿನ ಯಾವುದೋ ಮೇಷ್ಟರನ್ನು ಅನುಕರಿಸಿ ತೋರಿಸಿದಾಗ, ಇನ್ನೊಮ್ಮೆ ಮಾಡು ಅಂದೆ. ಮಾತ್ರೆಯನ್ನು ಮುಂದಿನ ಮಳೆಗಾಲ ದಾಟುವವರೆಗೂ ತೆಗೆದುಕೊಂಡೆ, ಡಾಕ್ಟರು ಹೇಳಿದ ಹಾಗೆಯೇ ಇಳಿಸಿ ನಿಲ್ಲಿಸಿದೆ. ಬೇಕಾದರೆ ಪುನಃ ತೆಗೆದುಕೊಳ್ಳುತ್ತೇನೆ. ಈಗ ಯಾರಾದರೂ ಹಲ್ಲು ಹೇಗುಂಟು ಎಂದು ಕೇಳಿದರೆ ಹಲ್ಲು ಸರಿ ಇತ್ತು, ಹೋದದ್ದು ಮೇಲಿನ ಮಹಡಿಗೆ ಎಂದು ಹೇಳುತ್ತೇನೆ.

ಆ ಸೆಪ್ಟೆಂಬರಿನ ಒಂದು ಭಾನುವಾರ ಮಾತ್ರ ಮರೆಯುವುದಿಲ್ಲ. ಮಳೆ ಬಿಟ್ಟು ಕಿಟಕಿಯಿಂದ ಬಿಸಿಲು ಚೂರು ಒಳಗೆ ಬಿದ್ದಿತ್ತು. ಅವಲಕ್ಕಿ ತಿಂದು, ಕಾಫಿ ಕುಡಿದು, ಹಾಲಿನ ಚಾಪೆಯಲ್ಲಿ ಕಾಲು ಚಾಚಿದ್ದೆ. ಮೈ ಬೆಚ್ಚಗೆ ಭಾರವಾಗಿತ್ತು. ಶಶಿ ಅಡುಗೆಮನೆಯಿಂದ, ಬೇಗ ಮಾರ್ಕೆಟಿಗೆ ಹೋಗಿ ಬಂಗುಡೆ ತನ್ನಿ, ತಡವಾದರೆ ಒಳ್ಳೆಯದು ಉಳಿಯುವುದಿಲ್ಲ ಅಂದಳು.

"ಉದಾಸೀನ ಆಗ್ತದೆ ಮಾರಾಯ್ತಿ" ಅಂದೆ.

ಬಾಯಿಂದ ಬಿದ್ದ ಮೇಲೆ ಆ ಶಬ್ದ ನನ್ನ ಕಿವಿಗೂ ಕೇಳಿಸಿತು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಶಶಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳ ಮುಖ ಬಿಳಿಚಿತ್ತು. ಏಪ್ರಿಲಿನಿಂದ ಅವಳು ನನ್ನೊಡನೆ ಒಂದು ಗಟ್ಟಿ ಮಾತು ಆಡಿರಲಿಲ್ಲ. ಎಲ್ಲ ಮಾತನ್ನೂ ಮೆತ್ತಗೆ ಮಾಡಿ, ಒಡೆಯುವ ಪಾತ್ರೆಯ ಹಾ‌ಗೆ ಎತ್ತಿ ಇಡುತ್ತಿದ್ದಳು. ಈಗಲೂ ಹಾಗೆಯೇ ಮೆಲ್ಲಗೆ ಕೇಳಿದಳು.

"ಯಾವ ಉದಾಸೀನ? ಡಾಕ್ಟ್ರದ್ದಾ, ನಮ್ಮದಾ?"

ನಾನು ಒಳಗೆ ಒಮ್ಮೆ ನೋಡಿಕೊಂಡೆ. ಚಾಪೆ ಸುಖವಾಗಿತ್ತು. ಬಿಸಿಲು ಸುಖವಾಗಿತ್ತು. ಏಳಬೇಕಲ್ಲ ಎಂಬ ಯೋಚನೆಗೇ ಮೈ ಇನ್ನಷ್ಟು ನೆಲಕ್ಕಂಟುತ್ತಿತ್ತು. ಪಕ್ಕದಲ್ಲಿ ಸುಧಾಕರ ಇದ್ದಿದ್ದರೆ ನಾನೂ ಅವನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೆವು.

"ನಮ್ಮದೇ" ಅಂದೆ.

ಶಶಿ ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು, ಮನೆಯ ಹೊರಗೂ ಕೇಳುವಂತೆ ದನಿ ಏರಿಸಿದಳು. ಹೊತ್ತು ನೆತ್ತಿಗೆ ಬಂದರೂ ಬಿದ್ದುಕೊಂಡಿರಲು ಮರ್ಯಾದೆ ಇಲ್ಲವಾ, ಏಳಿ, ಚೀಲ ಬಾಗಿಲ ಹಿಂದೆ ಉಂಟು, ಇನ್ನು ತಡಮಾಡಿದರೆ ಮಧ್ಯಾಹ್ನಕ್ಕೆ ಬರೀ ಚಟ್ನಿ ಅಂದಳು. ಅಷ್ಟು ತಿಂಗಳ ನಂತರ ಅವಳು ನನ್ನನ್ನು ಬೈದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಚೀಲ ತೆಗೆದುಕೊಂಡು ಬಂಗುಡೆ ತರಲು ಹೊರಟೆ.